ಹಳೇ ಫೋಟೊದಲ್ಲಿರುವ ಆ ಮನುಷ್ಯ ಯಾರು? ವಿಮಾನದ ಗುರುತು ಸಿಗುತ್ತದೆ, ಮುಖದ್ದು ಅಷ್ಟು ಸುಲಭವಲ್ಲ

ಚಾಮರಾಜನಗರ ಜಿಲ್ಲೆಯ ಕುಂತೂರಿನಿಂದ ಓದುಗರೊಬ್ಬರು ನಮಗೊಂದು ಫೋಟೊ ಕಳಿಸಿದರು. ಡಿಗ್ರಿ ಓದುತ್ತಿರುವ ಹುಡುಗ. ಫೋಟೊ ಕಪ್ಪುಬಿಳುಪಿನದು. ಹಿಂದೆ ಒಂದು ಯುದ್ಧವಿಮಾನ, ಮುಂದೆ ಸಾಲಾಗಿ ಒಂಬತ್ತು ಜನ. ಇಬ್ಬರು ಪೈಲಟ್ ಉಡುಪಿನಲ್ಲಿದ್ದಾರೆ, ಮೂವರು ಕಾರ್ಖಾನೆಯ ಓವರಾಲ್ ಹಾಕಿದ್ದಾರೆ, ಉಳಿದವರು ಪ್ಯಾಂಟು ಶರಟಿನವರು. ಮೇಲ್ಗಡೆ ಎರಡು ಬಾಣದ ಗುರುತು, ‘ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ’ ಎಂಬ ಸೂಚನೆ.

ಜೊತೆಗಿದ್ದ ಬರಹದ ಪ್ರಕಾರ ಇದು 1983ರ ಫೋಟೊ. ನೌಕಾಪಡೆಗಾಗಿ ಬೆಂಗಳೂರಿನಲ್ಲಿ ತಯಾರಾದ ಮೊದಲ ಯುದ್ಧವಿಮಾನದ ಮಾದರಿ. ಮಧ್ಯದಲ್ಲಿ ಬಿಳಿಗೂದಲಿನವರು ಅಬ್ದುಲ್ ಕಲಾಂ. ಮಿಕ್ಕವರು ದೇಶ ಮರೆತ ವಿಜ್ಞಾನಿಗಳು. ಹೆಮ್ಮೆಯಿದ್ದರೆ ಹತ್ತು ಜನಕ್ಕೆ ಕಳಿಸಿ.

ಇಷ್ಟೇ ಆಗಿದ್ದರೆ ನಾವು ಎರಡು ಸಾಲಿನ ಉತ್ತರ ಬರೆದು ಮುಗಿಸುತ್ತಿದ್ದೆವು. ಆದರೆ ಆ ಹುಡುಗನ ಮನೆಯ ಗ್ರೂಪಿನಲ್ಲಿ ಯಾರೋ ಬಲಗಡೆಯಿಂದ ಮೂರನೆಯವನ ಮುಖದ ಸುತ್ತ ಕೆಂಪು ವೃತ್ತ ಎಳೆದು, ಇದು ನಮ್ಮ ತಾತ ಎಂದು ಹಾಕಿದ್ದರು. ತಾತ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನೀಷಿಯನ್ ಆಗಿದ್ದವರು. 1964ರಲ್ಲಿ 21ನೇ ವಯಸ್ಸಿಗೆ ಸೇರಿ 2002ರಲ್ಲಿ ನಿವೃತ್ತರಾಗಿ ಊರಿಗೆ ಬಂದರು. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತ ಕೊನೆಯ ದಿನಗಳನ್ನು ಕಳೆದು, 2019ರಲ್ಲಿ ತೀರಿಕೊಂಡರು. ವರ್ಷದ ತಿಥಿ ಹತ್ತಿರ ಬಂದಿತ್ತು. ಈ ಫೋಟೊ ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸಿ, ಪೂಜೆಗೆ ಇಡಬೇಕೆಂದು ಮನೆಯವರ ಆಸೆ. ಅಜ್ಜಿ ಮಾತ್ರ ಮೊಬೈಲನ್ನು ಎರಡು ಮೂರು ಸಲ ಹತ್ತಿರ ಹಿಡಿದು ನೋಡಿ, ಹೌದು ಎನ್ನಲಿಲ್ಲವಂತೆ. ಹುಡುಗನಿಗೆ ಅನುಮಾನ ಶುರುವಾದದ್ದು ಅಲ್ಲಿಂದ.

ಮುಖ ಕೊನೆಗೆ

ಇಂಥ ಫೋಟೊ ಬಂದಾಗ ನಾವೆಲ್ಲ ಮಾಡುವ ಮೊದಲ ತಪ್ಪು ಮುಖ ನೋಡುವುದು. ಮುಖವನ್ನು ಕೊನೆಗೆ ನೋಡಬೇಕು. ಒಂದು ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಖ ನೋಡಿದರೆ ಹೋಲಿಕೆ ಕಂಡೇ ಕಾಣುತ್ತದೆ. ಬಿಳಿಗೂದಲು ಸ್ವಲ್ಪ ಉದ್ದ ಇದ್ದರೆ ಕಲಾಂ, ದುಂಡು ಕನ್ನಡಕ ಇದ್ದರೆ ಇನ್ಯಾರೋ.

ನಾವು ನಂಬಿಕೊಂಡಷ್ಟು ನಮ್ಮ ಕಣ್ಣು ಚುರುಕಲ್ಲ. 1999ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ವಿಕಿ ಬ್ರೂಸ್ ಮತ್ತು ಸಂಗಡಿಗರು ಒಂದು ಸರಳ ಪರೀಕ್ಷೆ ಪ್ರಕಟಿಸಿದರು. ಪರಿಚಯವಿಲ್ಲದ ಒಬ್ಬನ ಸ್ಪಷ್ಟ ಚಿತ್ರ ತೋರಿಸಿ, ಕೆಳಗೆ 10 ಮುಖಗಳನ್ನು ಜೋಡಿಸಿ, ಇದರಲ್ಲಿ ಅವನು ಯಾರು ಎಂದು ಕೇಳಿದರು. ಚಿತ್ರಗಳನ್ನು ತೆಗೆದದ್ದು ಒಂದೇ ದಿನ. ಬೆಳಕು ಚೆನ್ನಾಗಿತ್ತು, ಅವಸರವೂ ಇರಲಿಲ್ಲ. ಆದರೂ ಜನ ಸುಮಾರು ಹತ್ತಕ್ಕೆ ಮೂರು ಸಲ ತಪ್ಪಿದರು. ಹಾಗಿರುವಾಗ ಎಷ್ಟೋ ಫೋನು ದಾಟಿ, ಸವೆದು, ಮುಖ ಎಂದರೆ ಹತ್ತಿಪ್ಪತ್ತು ಚುಕ್ಕೆ ಎಂಬಂತಾದ ಫಾರ್ವರ್ಡ್ ಚಿತ್ರದಲ್ಲಿ ನಾವು ಯಾರನ್ನು ಗುರುತು ಹಿಡಿದೇವು?

ಪರಿಚಿತರ ಮುಖದ ವಿಷಯ ಬೇರೆ. ಹೆಂಡತಿ, ಅಣ್ಣತಮ್ಮ, ಪಕ್ಕದ ಮೆಷಿನ್ನಿನಲ್ಲಿ 20 ವರ್ಷ ಕೆಲಸ ಮಾಡಿದ ಗೆಳೆಯ ಇವರ ಕಣ್ಣು ನಮ್ಮ ಕಣ್ಣಿಗಿಂತ ಎಷ್ಟೋ ಮೇಲು. ಅಜ್ಜಿ ಹೌದು ಎನ್ನದೆ ಸುಮ್ಮನಾದದ್ದನ್ನು ನಾವು ಅದಕ್ಕೇ ಮೊದಲೇ ಬರೆದುಕೊಂಡೆವು.

ವಿಮಾನವೇ ಕ್ಯಾಲೆಂಡರು

ಮುಖ ಬಿಟ್ಟು ವಿಮಾನಕ್ಕೆ ಬಂದೆವು. ವಿಮಾನಕ್ಕೆ ಹುಟ್ಟಿದ ದಿನಾಂಕವಿದೆ. ಅದು ಹುಟ್ಟುವ ಮೊದಲು ಅದರ ಮುಂದೆ ಯಾರೂ ನಿಂತಿರಲು ಸಾಧ್ಯವಿಲ್ಲ.

ಚಿತ್ರದಲ್ಲಿರುವುದು ತ್ರಿಕೋನ ರೆಕ್ಕೆಯ, ಹಿಂದೆ ಅಡ್ಡ ಬಾಲದ ರೆಕ್ಕೆ ಇಲ್ಲದ, ಒಂದೇ ಎಂಜಿನ್ನಿನ ಜೆಟ್. ಅಂದರೆ ತೇಜಸ್ ಕುಟುಂಬ. ಈ ಹಗುರ ಯುದ್ಧವಿಮಾನದ ಯೋಜನೆಗೆ ಸರ್ಕಾರ ಒಪ್ಪಿಗೆ ಕೊಟ್ಟದ್ದೇ 1983ರಲ್ಲಿ. ಅದನ್ನು ನಡೆಸುವ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಹುಟ್ಟಿದ್ದು 1984ರಲ್ಲಿ. ಮೊದಲ ಮಾದರಿ ಕಾರ್ಖಾನೆಯಿಂದ ಹೊರಬಂದದ್ದು 1995ರ ನವೆಂಬರ್ 17ರಂದು, ಪ್ರಧಾನಿ ಪಿ.ವಿ. ನರಸಿಂಹರಾವ್ ಅವರ ಎದುರಿನಲ್ಲಿ. ಅದು ಹಾರಿದ್ದು 2001ರ ಜನವರಿ 4ರಂದು, ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಕೈಯಲ್ಲಿ. ಫಾರ್ವರ್ಡ್ ಹೇಳುವ 1983ರಲ್ಲಿ ಈ ವಿಮಾನ ಕಾಗದದ ಮೇಲಿತ್ತು. ಆ ವರ್ಷ ಕಲಾಂ ಕೂಡ ಬೆಂಗಳೂರಿನ ವಿಮಾನದ ಕೆಲಸದಲ್ಲಿರಲಿಲ್ಲ. ಹೈದರಾಬಾದಿನಲ್ಲಿ ಕ್ಷಿಪಣಿ ಪ್ರಯೋಗಾಲಯದ ನಿರ್ದೇಶಕರಾಗಿದ್ದರು.

ಹಾಗಾದರೆ ನೌಕಾಪಡೆಯದು ಎನ್ನುವುದಾದರೂ ನಿಜವೇ? ಅದು ನಿಜವಾಗಿತ್ತು. ಫಾರ್ವರ್ಡ್‌ಗಳ ತೊಂದರೆಯೇ ಇದು. ನಾಲ್ಕು ಸುಳ್ಳಿನ ನಡುವೆ ಒಂದು ನಿಜ ಕೂತಿರುತ್ತದೆ, ಅದನ್ನು ಪತ್ತೆ ಮಾಡಿದವರು ಉಳಿದದ್ದನ್ನೂ ನಂಬಿಬಿಡುತ್ತಾರೆ.

ನೌಕಾಪಡೆಯ ವಿಮಾನ ಇಳಿಯಬೇಕಾದದ್ದು ಸಮುದ್ರದಲ್ಲಿ ಓಲಾಡುವ ಹಡಗಿನ ಮೇಲೆ. ರನ್‌ವೇ ಕಿಲೋಮೀಟರುಗಟ್ಟಲೆ ಇರುವುದಿಲ್ಲ. ಡೆಕ್ಕಿನ ಮೇಲೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ವಿಮಾನದ ಬಾಲದ ಕೆಳಗಿನ ಕೊಕ್ಕೆ ಸಿಕ್ಕಿಕೊಂಡು, ನೂರು ಮೀಟರ್ ಆಸುಪಾಸಿನಲ್ಲಿ ನಿಲ್ಲಬೇಕು. ಮೆಲ್ಲಗೆ ತಾಗುವ ಮಾತೇ ಇಲ್ಲ, ದೊಪ್ಪೆಂದು ಕೂರುತ್ತದೆ. ಆದ್ದರಿಂದ ಚಕ್ರದ ಕಾಲುಗಳು ವಾಯುಪಡೆಯ ತೇಜಸ್‌ಗಿಂತ ಉದ್ದ ಮತ್ತು ದಪ್ಪ. ಇಳಿಯುವಾಗ ಡೆಕ್ ಕಾಣಲೆಂದು ಮೂತಿ ಸ್ವಲ್ಪ ಕೆಳಕ್ಕೆ ಬಾಗಿದೆ. ರೆಕ್ಕೆ ಮೈಗೆ ಕೂಡುವ ಬುಡದ ಮುಂಭಾಗದಲ್ಲಿ ಅಲ್ಲಾಡುವ ಒಂದು ಚಿಕ್ಕ ಹಲಗೆಯೂ ಇದೆ, ಎಂಜಿನಿಯರುಗಳು ಅದನ್ನು ಲೆವ್‌ಕಾನ್ ಎನ್ನುತ್ತಾರೆ. ನಿಧಾನ ವೇಗದಲ್ಲೂ ವಿಮಾನ ಹಿಡಿತದಲ್ಲಿರಲು ಅದು ನೆರವಾಗುತ್ತದೆ.

ಈ ಗುರುತುಗಳು ನಮ್ಮ ಚಿತ್ರದಲ್ಲಿದ್ದವು. ಜೊತೆಗೆ ಪೈಲಟ್ ಗೂಡಿನಲ್ಲಿ ಒಂದರ ಹಿಂದೊಂದು ಎರಡು ಆಸನ. ಇಲ್ಲಿ ನಾವೇ ಎಡವುವುದರಲ್ಲಿದ್ದೆವು. ವಾಯುಪಡೆಯ ಎರಡು ಆಸನದ ತೇಜಸ್ ಮಾದರಿಯೂ ಇದೆ. 2009ರ ನವೆಂಬರ್ 26ರಂದು ಮೊದಲು ಹಾರಿದ ಅದು ದೂರದಿಂದ ನೋಡಿದರೆ ಇದರ ಅವಳಿಯೇ. ಚಕ್ರದ ಕಾಲು ಮತ್ತು ರೆಕ್ಕೆಯ ಬುಡ ನೋಡದೆ ಇದ್ದಿದ್ದರೆ ಬೇರೆ ವಿಮಾನದ ಹೆಸರು ಬರೆದುಬಿಡುತ್ತಿದ್ದೆವು.

ನೌಕಾಪಡೆಗಾಗಿ ಮಾಡಿದ ಮೊದಲ ಎರಡು ಮಾದರಿಗಳಲ್ಲಿ ಎರಡು ಆಸನದ್ದು ಎನ್‌ಪಿ-1. ಅದು ಬೆಂಗಳೂರಿನಲ್ಲಿ ಹೊರಬಂದದ್ದು 2010ರ ಜುಲೈ 6ರಂದು, ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಮತ್ತು ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ನಿರ್ಮಲ್ ವರ್ಮಾ ಅವರ ಸಮ್ಮುಖದಲ್ಲಿ. ಹಾರಿದ್ದು ಸುಮಾರು ಎರಡು ವರ್ಷದ ನಂತರ, 2012ರ ಏಪ್ರಿಲ್ 27ರಂದು. ಒಂದೇ ಆಸನದ ಎನ್‌ಪಿ-2 ಹಾರಿದ್ದು 2015ರ ಫೆಬ್ರುವರಿ 7ರಂದು.

ಅಲ್ಲಿಗೆ ಫೋಟೊ 2010ಕ್ಕಿಂತ ಹಳೆಯದಾಗಿರುವುದು ಅಸಾಧ್ಯ. ಕಪ್ಪುಬಿಳುಪು ಬಣ್ಣ ಯಾರೋ ಫಿಲ್ಟರ್ ಹಾಕಿ ತಂದದ್ದು. ಹಳೆಯ ಕಾಲದ ವಾಸನೆ ಬರಲಿ ಎಂದು ಈಗಿನ ಫೋಟೊಗೆ ಕಂದು ಬಣ್ಣ, ಗೀರು, ಮಡಿಕೆ ಎಲ್ಲವನ್ನೂ ಒಂದು ಬೆರಳಿನಲ್ಲಿ ಹಾಕಬಹುದು. ಇತಿಹಾಸದ ಫಾರ್ವರ್ಡ್‌ಗಳಲ್ಲಿ ಈ ಚಾಳಿ ಬಹಳ.

ತಾತ 2002ರಲ್ಲಿ ನಿವೃತ್ತರಾದವರು. 2010ರಲ್ಲಿ ಅವರಿಗೆ 67 ವರ್ಷ. ವೃತ್ತದೊಳಗಿನ ಮನುಷ್ಯನಿಗೆ ಹೆಚ್ಚೆಂದರೆ 40 ಇರಬಹುದು, ಮೈಮೇಲೆ ಕೆಲಸದ ಓವರಾಲ್ ಇದೆ. ಮೂಗು ಎಷ್ಟೇ ಹೋಲಲಿ, ಇದು ತಾತ ಅಲ್ಲ.

ಇದನ್ನು ಆ ಹುಡುಗನಿಗೆ ಹೇಳುವುದು ನಮಗೆ ಸುಲಭವಾಗಲಿಲ್ಲ. ಗ್ರೂಪಿನಲ್ಲಿ ಆಗಲೇ ನಲವತ್ತು ಜನ ಕೈಮುಗಿದ ಚಿತ್ರ ಹಾಕಿಯಾಗಿತ್ತು.

ಅಜ್ಜಿಯ ಗಡಿಯಾರ

ಫೋನಿನಲ್ಲಿ ನಾವು ಅಜ್ಜಿಯನ್ನು ಕೇಳಿಸಿದೆವು: ಯಾಕೆ ಹೌದು ಎನ್ನಲಿಲ್ಲ? ಅವರ ಉತ್ತರ ಚಿಕ್ಕದು. ಅವರು ವಾಚು ಬಲಗೈಗೆ ಕಟ್ಟುತ್ತಿದ್ದರು, ಇವನು ಎಡಗೈಗೆ ಕಟ್ಟಿದ್ದಾನೆ.

ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದ್ದರೆ ಬಲ ಎಡವಾಗುತ್ತದಲ್ಲ? ಸೆಲ್ಫಿ ಕ್ಯಾಮೆರಾಗಳೂ, ಕೆಲವು ಎಡಿಟಿಂಗ್ ಆ್ಯಪ್‌ಗಳೂ ಹೀಗೆ ಮಾಡುತ್ತವೆ. ಅದನ್ನು ನೋಡುವ ಉಪಾಯ ಮನೆಯಲ್ಲೇ ಇದೆ. ಗಂಡಸರ ಶರಟಿನ ಜೇಬು ಸಾಮಾನ್ಯವಾಗಿ ಎದೆಯ ಎಡಕ್ಕೆ ಇರುತ್ತದೆ, ಗುಂಡಿ ಬಲಗಡೆಯ ಪಟ್ಟಿಯಲ್ಲಿ. ಬೋರ್ಡು ಅಥವಾ ಅಕ್ಷರ ಕಂಡರೆ ಇನ್ನೂ ಸುಲಭ. ಚಿತ್ರದಲ್ಲಿ ಪ್ಯಾಂಟು ಶರಟಿನವರ ಜೇಬುಗಳೆಲ್ಲ ಎಡಕ್ಕೇ ಇದ್ದವು, ಅಂದರೆ ತಿರುಗಿಸಿಲ್ಲ. ಅಜ್ಜಿಯ ಮಾತು ನಿಂತಿತು.

ಇದು ಸಣ್ಣ ಸಂಗತಿ ಎನಿಸಿದರೆ, ಜಗತ್ತಿನ ಅತ್ಯಂತ ಪ್ರಸಿದ್ಧ ಯುದ್ಧ ಛಾಯಾಚಿತ್ರವೊಂದರ ಕಥೆ ಕೇಳಿ. 1945ರ ಫೆಬ್ರುವರಿ 23ರಂದು ಜಪಾನಿನ ಇವೋಜಿಮಾ ದ್ವೀಪದ ಬೆಟ್ಟದ ಮೇಲೆ ಆರು ಅಮೆರಿಕನ್ ಸೈನಿಕರು ಧ್ವಜ ನೆಡುವ ಚಿತ್ರವನ್ನು ಜೋ ರೋಸೆಂತಾಲ್ ತೆಗೆದರು. ಆರು ಹೆಸರುಗಳನ್ನು ಅಮೆರಿಕದ ಸರ್ಕಾರವೇ ಘೋಷಿಸಿತು. ಅಂಚೆಚೀಟಿ ಬಂತು, ಕಂಚಿನ ಸ್ಮಾರಕ ಎದ್ದಿತು. ಆ ಆರರಲ್ಲಿ ಮೂರು ಹೆಸರು ತಪ್ಪಾಗಿದ್ದವು. ಒಂದನ್ನು 1947ರಲ್ಲೇ ಸರಿಪಡಿಸಿದರು. ಎರಡನೆಯದು ಸರಿಯಾದದ್ದು 2016ರಲ್ಲಿ. ಜಾನ್ ಬ್ರ್ಯಾಡ್ಲಿ ಎಂಬ ನೌಕಾಪಡೆಯ ವೈದ್ಯ ಸಹಾಯಕ ಆ ಚಿತ್ರದಲ್ಲಿಲ್ಲ, ಅಲ್ಲಿದ್ದವರಲ್ಲಿ ಹೆರಾಲ್ಡ್ ಶುಲ್ಟ್ಸ್ ಒಬ್ಬರು ಎಂದು ಮರೀನ್ ಪಡೆ ಒಪ್ಪಿಕೊಂಡಿತು. ಮೂರನೆಯದು 2019ರಲ್ಲಿ. ರೆನೆ ಗ್ಯಾಗ್ನನ್ ಬದಲು ಹೆರಾಲ್ಡ್ ಕೆಲ್ಲರ್.

ಬ್ರ್ಯಾಡ್ಲಿ ಕುರಿತು ಅವರ ಮಗ ಬರೆದ ಪುಸ್ತಕ ಹಾಲಿವುಡ್ ಸಿನಿಮಾ ಕೂಡ ಆಗಿತ್ತು. ಸುಳ್ಳು ಹೇಳುವ ಉದ್ದೇಶ ಇತ್ತೆಂದಲ್ಲ. ಅದೇ ದಿನ ಅದೇ ಬೆಟ್ಟದ ಮೇಲೆ ಅದಕ್ಕೆ ಮೊದಲೂ ಒಂದು ಧ್ವಜ ನೆಟ್ಟಿದ್ದರು, ಬ್ರ್ಯಾಡ್ಲಿ ಅದರಲ್ಲಿದ್ದರು. ಎರಡು ಘಟನೆ ನೆನಪಿನಲ್ಲಿ ಒಂದಾಗಿರಬಹುದು.

ತಪ್ಪು ಹೊರಬಂದದ್ದು ಮುಖದಿಂದಲ್ಲ. ಆ ಚಿತ್ರದಲ್ಲಿ ಮುಖಗಳು ಕಾಣುವುದೇ ಕಡಿಮೆ. ಇಬ್ಬರು ಹವ್ಯಾಸಿ ಸಂಶೋಧಕರು ಆ ದಿನದ ಬೇರೆ ಬೇರೆ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಬ್ರ್ಯಾಡ್ಲಿ ಪ್ಯಾಂಟಿನ ತುದಿ ಮಡಿಸಿದ್ದರು, ಧ್ವಜದ ಬಳಿಯವನು ಮಡಿಸಿಲ್ಲ. ಸೊಂಟದ ಬೆಲ್ಟಿನಲ್ಲಿರುವ ಸಾಮಾನು ಬೇರೆ. ಶುಲ್ಟ್ಸ್ ಹೆಲ್ಮೆಟ್ಟಿನ ಪಟ್ಟಿ ಕಿತ್ತು ನೇತಾಡುತ್ತಿತ್ತು. ಕೆಲ್ಲರ್ ವಿಷಯದಲ್ಲಿ ಸುಳಿವು ಕೊಟ್ಟದ್ದು ಬೆರಳಿನ ಮದುವೆ ಉಂಗುರ. ಪ್ಯಾಂಟಿನ ಮಡಿಕೆ, ಉಂಗುರ, ವಾಚು. ಕುಂತೂರಿನ ಅಜ್ಜಿ ನೋಡಿದ್ದೂ ಅದನ್ನೇ.

ಪೈಲಟ್ ಉಡುಪಿನವರ ಹೆಸರು ನಾವು ಯಾಕೆ ಬರೆಯಲಿಲ್ಲ

ಹುಡುಗ ಕೇಳಿದ: ಸರಿ, ತಾತ ಅಲ್ಲ. ಹಾಗಾದರೆ ಇವರೆಲ್ಲ ಯಾರು?

ಎನ್‌ಪಿ-1 ಮೊದಲ ಹಾರಾಟದ ಹೆಸರುಗಳು ದಾಖಲೆಯಲ್ಲಿವೆ. ಕಮೋಡೋರ್ ಜೈದೀಪ್ ಮಾವಳಂಕರ್ ಹಾರಿಸಿದರು, ಹಿಂದಿನ ಆಸನದಲ್ಲಿ ವಿಂಗ್ ಕಮಾಂಡರ್ ಪ್ರಭು ಇದ್ದರು. ಮುಂದೆ 2020ರ ಜನವರಿ 11ರಂದು ನೌಕಾ ತೇಜಸ್ಸನ್ನು ವಿಕ್ರಮಾದಿತ್ಯ ಹಡಗಿನ ಮೇಲೆ ಮೊದಲ ಬಾರಿ ಇಳಿಸಿದವರೂ ಮಾವಳಂಕರ್ ಅವರೇ. ಚಿತ್ರದಲ್ಲಿ ಪೈಲಟ್ ಉಡುಪಿನವರು ಇಬ್ಬರಿದ್ದಾರೆ, ಹೆಸರೂ ಎರಡಿವೆ. ಅಂಟಿಸಿಬಿಡಲು ಎಷ್ಟು ಹೊತ್ತು?

ನಾವು ಅಂಟಿಸಲಿಲ್ಲ. ಆ ವಿಮಾನ 2012ರ ನಂತರ ಎಷ್ಟೋ ಸಲ ಹಾರಿತು. ಪರೀಕ್ಷಾ ಹಾರಾಟ ಕೇಂದ್ರದಲ್ಲಿ ಹಲವು ಪೈಲಟ್‌ಗಳಿದ್ದರು. ಚಿತ್ರ ಯಾವ ದಿನದ್ದೆಂದು ಗೊತ್ತಾಗದೆ ಮೊದಲ ದಿನದ ಹೆಸರು ಹಾಕುವುದು ಊಹೆ ಅಷ್ಟೇ. ಎದೆಯ ಮೇಲೆ ಹೆಸರಿನ ಪಟ್ಟಿ ಇದೆ, ಆದರೆ ಅಕ್ಷರ ಬಿಳಿ ಗೆರೆಯಾಗಿ ಕಲಸಿಹೋಗಿದೆ. ವಾಟ್ಸ್‌ಆ್ಯಪ್ ಫೋಟೊ ಕಳಿಸುವಾಗ ಅದನ್ನು ಕುಗ್ಗಿಸುತ್ತದೆ, ಯಾವ ದಿನ ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಎಂಬ ಒಳಗಿನ ಮಾಹಿತಿಯನ್ನೂ ತೆಗೆದುಹಾಕುತ್ತದೆ. ಮೂಲ ಫೈಲನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಅದು ಉಳಿಯುತ್ತದೆ. ಈ ಚಿತ್ರದ ಮೂಲ ಫೈಲ್ ಫಾರ್ವರ್ಡ್ ಮಾಡಿದ ಯಾರ ಬಳಿಯೂ ಇರಲಿಲ್ಲ.

ನೌಕಾಪಡೆಯ ವಿಮಾನ ಎಂದ ಮಾತ್ರಕ್ಕೆ ಎಲ್ಲರೂ ನೌಕಾಪಡೆಯವರು ಎಂದುಕೊಳ್ಳುವುದೂ ತಪ್ಪು. ವಿಂಗ್ ಕಮಾಂಡರ್ ಎನ್ನುವುದು ವಾಯುಪಡೆಯ ಹುದ್ದೆ. ಮೊದಲ ಹಾರಾಟದಲ್ಲೇ ಎರಡೂ ಪಡೆಯವರು ಒಂದೇ ವಿಮಾನದಲ್ಲಿದ್ದರು. ಕೆಳಗೆ ಓವರಾಲ್ ಹಾಕಿ ನಿಂತವರು ಯಾವ ಪಡೆಗೂ ಸೇರದ ಕಾರ್ಖಾನೆ ನೌಕರರಾಗಿರಬಹುದು. ವಿಮಾನದ ಮುಂದೆ ನಿಂತವರೆಲ್ಲ ಅದನ್ನು ಮಾಡಿದವರು ಎಂದೂ ಅಲ್ಲ. ಯಲಹಂಕದ ಏರೋ ಇಂಡಿಯಾಕ್ಕೆ ಹೋದವರಿಗೆ ಗೊತ್ತು, ಅಲ್ಲಿ ನಿಲ್ಲಿಸಿದ ವಿಮಾನದ ಮುಂದೆ ಫೋಟೊ ತೆಗೆಸಿಕೊಂಡವರು ಸಾವಿರಾರು ಜನ. ನಾವೂ ಅವರಲ್ಲೊಬ್ಬರು.

ಅಧಿಕೃತ ಚಿತ್ರದಡಿಯ ಬರಹದಲ್ಲೂ ಎಚ್ಚರ ಬೇಕು. ಸಮಾರಂಭಕ್ಕೆ ಬಂದವರ ಪಟ್ಟಿ ಬೇರೆ, ಚೌಕಟ್ಟಿನೊಳಗೆ ಇದ್ದವರ ಪಟ್ಟಿ ಬೇರೆ. ಎಡದಿಂದ ಬಲಕ್ಕೆ ಎಂದು ಬರೆದಿರುತ್ತಾರೆ, ಆಮೇಲೆ ಯಾರೋ ಚಿತ್ರದ ತುದಿ ಕತ್ತರಿಸುತ್ತಾರೆ. ಆಗ ಮೊದಲ ಹೆಸರು ಎರಡನೆಯವನಿಗೆ, ಎರಡನೆಯದು ಮೂರನೆಯವನಿಗೆ ಹೋಗಿ ಕೂರುತ್ತದೆ.

ದಿನಾಂಕ ಇನ್ನಷ್ಟು ಬಿಗಿ ಮಾಡಲು ಹಿನ್ನೆಲೆ ಸಹಾಯ ಮಾಡುತ್ತದೆ. ನೌಕಾಪಡೆಯ ಧ್ವಜ ಕಂಡರೆ ನಮಗೆ ಹಬ್ಬ. 1950ರಿಂದ ಅದರಲ್ಲಿ ಕೆಂಪು ಶಿಲುಬೆಯ ಗೆರೆಗಳಿದ್ದವು. 2001ರ ಆಗಸ್ಟ್ 15ರಂದು ತೆಗೆದರು. 2004ರಲ್ಲಿ ಶಿಲುಬೆ ಅಶೋಕ ಲಾಂಛನದ ಜೊತೆ ಮರಳಿತು. 2014ರಲ್ಲಿ ಲಾಂಛನದ ಕೆಳಗೆ ‘ಸತ್ಯಮೇವ ಜಯತೇ’ ಸೇರಿತು. 2022ರ ಸೆಪ್ಟೆಂಬರ್ 2ರಂದು ಹೊಸ ವಿಕ್ರಾಂತ್ ಸೇವೆಗೆ ಸೇರಿದ ದಿನ ಶಿಲುಬೆ ಪೂರ್ತಿ ಹೋಗಿ ಹೊಸ ಧ್ವಜ ಬಂತು. ಹಾಗೆಯೇ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಹಿನ್ನೆಲೆಯಲ್ಲಿ ಪ್ರಯಾಣಿಕರ ದೊಡ್ಡ ವಿಮಾನಗಳು ಸಾಲಾಗಿ ನಿಂತಿದ್ದರೆ ಅದು ಬಹುಮಟ್ಟಿಗೆ 2008ರ ಮೇ 24ಕ್ಕಿಂತ ಹಿಂದಿನದು. ಅಂದಿನಿಂದ ಆ ಸೇವೆ ದೇವನಹಳ್ಳಿಗೆ ಹೋಯಿತು. ಸ್ಕೀ ಇಳಿಜಾರಿನಂತೆ ಮೇಲಕ್ಕೆ ಬಾಗಿದ ಓಡುದಾರಿ ನೆಲದ ಮೇಲೇ ಕಂಡರೆ ಗೋವಾದ ಐಎನ್‌ಎಸ್ ಹಂಸ ನೆಲೆಯ ಪರೀಕ್ಷಾ ಜಾಗ. ನಮ್ಮ ಚಿತ್ರದಲ್ಲಿ ಇವು ಒಂದೂ ಇರಲಿಲ್ಲ. ಹ್ಯಾಂಗರಿನ ಬಾಗಿಲು, ಅಷ್ಟೇ.

ಮುಖ ತಿದ್ದುವ ಆ್ಯಪ್ ಬೇಡ

ಗ್ರೂಪಿನಲ್ಲಿದ್ದ ಒಬ್ಬರು ಮಂಕಾದ ಮುಖವನ್ನು ಎಐ ಆ್ಯಪ್‌ನಲ್ಲಿ ಹಾಕಿ ಸ್ಪಷ್ಟ ಮಾಡಿ ಕಳಿಸಿದ್ದರು. ನಿಜಕ್ಕೂ ಚೆನ್ನಾಗಿ ಬಂದಿತ್ತು. ಕಣ್ಣಿನ ರೆಪ್ಪೆ, ಮೀಸೆಯ ಕೂದಲು ಎಲ್ಲ ಎಣಿಸುವಂತಿತ್ತು. ಈಗಂತೂ ತಾತನೇ ಎಂದು ಮನೆಯವರಿಗೆ ಅನಿಸಿದ್ದು ಅದನ್ನು ನೋಡಿದ ಮೇಲೆ.

ಆ ರೆಪ್ಪೆಗಳು ಮೂಲ ಚಿತ್ರದಲ್ಲಿ ಇರಲಿಲ್ಲ. ಇಲ್ಲದ ವಿವರವನ್ನು ಯಾವ ಆ್ಯಪ್ ಕೂಡ ಅಗೆದು ತೆಗೆಯಲಾರದು. ತಾನು ಕಲಿತ ಲಕ್ಷಾಂತರ ಮುಖಗಳ ಆಧಾರದ ಮೇಲೆ ಇಲ್ಲಿ ಇಂಥದ್ದೊಂದು ಕಣ್ಣು ಇರಬಹುದು ಎಂದು ಅದು ಬರೆದು ತುಂಬುತ್ತದೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರ ಇಂಥದ್ದೊಂದು ಪ್ರೋಗ್ರಾಮಿಗೆ ಯಾರೋ ಬರಾಕ್ ಒಬಾಮ ಅವರ ಮಸುಕು ಚಿತ್ರ ಕೊಟ್ಟರು. ಹೊರಬಂದದ್ದು ಒಬ್ಬ ಬಿಳಿಯನ ಸ್ಪಷ್ಟ ಮುಖ. ಜಗತ್ತೇ ಬಲ್ಲ ಮುಖವಾದ್ದರಿಂದ ತಪ್ಪು ಕೂಡಲೇ ಗೊತ್ತಾಯಿತು. ಓವರಾಲ್ ಹಾಕಿದ ಅಪರಿಚಿತನ ಮುಖವಾಗಿದ್ದರೆ ಅದೇ ಅವನ ನಿಜರೂಪವಾಗಿ ಉಳಿಯುತ್ತಿತ್ತು. ಮನೆಯ ಗೋಡೆಗೆ ಚಂದ ಕಾಣಲಿ ಎಂದು ಮಾಡಿಸಿಕೊಳ್ಳಿ, ನಮ್ಮ ತಕರಾರಿಲ್ಲ. ಗುರುತು ಹಿಡಿಯಲು ಮಾತ್ರ ಅದನ್ನು ಬಳಸಬೇಡಿ.

ವೃತ್ತ ಎಳೆದ ಆ ಮನುಷ್ಯ ಬದುಕಿರಬಹುದು ಎಂಬುದನ್ನೂ ಇಲ್ಲಿ ಹೇಳಬೇಕು. 2010ರ ಈಚಿನ ಚಿತ್ರ. ಈಗ ಅವನಿಗೆ ಐವತ್ತು ದಾಟಿರಬಹುದು. ಅವನ ಮುಖಕ್ಕೆ ಹಾರ ಹಾಕಿ ಕುಂತೂರಿನ ಒಂದು ಮನೆಯಲ್ಲಿ ಪೂಜೆ ನಡೆಯುವುದರಲ್ಲಿತ್ತು. ಇದೇ ಫೋಟೊ ನಾಳೆ ‘ನಿಗೂಢವಾಗಿ ಸತ್ತ ವಿಜ್ಞಾನಿ’ ಎಂಬ ಬರಹದೊಂದಿಗೆ ಬರಬಹುದು. ಅಂಥ ಫಾರ್ವರ್ಡ್‌ಗಳನ್ನು ನಾವು ಸಾಕಷ್ಟು ನೋಡಿದ್ದೇವೆ.

ಟ್ರಂಕಿನಲ್ಲಿದ್ದ ಇನ್ನೊಂದು ಫೋಟೊ

ಫಾರ್ವರ್ಡ್ ಬದಿಗಿಟ್ಟು ನಾವು ಕೇಳಿದೆವು: ಮನೆಯಲ್ಲಿ ತಾತನ ಕಾರ್ಖಾನೆಯ ಬೇರೆ ಫೋಟೊ ಇಲ್ಲವೇ? ಎರಡು ದಿನ ಬಿಟ್ಟು ಉತ್ತರ ಬಂತು. ಅಟ್ಟದ ಟ್ರಂಕಿನಲ್ಲಿ ಒಂದು ಸಿಕ್ಕಿದೆ. ಏಳು ಜನ, ಹಿಂದೆ ಒಂದು ವಿಮಾನ. ಇದನ್ನು ಯಾರೂ ಗ್ರೂಪಿಗೆ ಹಾಕಿರಲಿಲ್ಲ.

ವಿಮಾನದ ಮೂತಿ ದಪ್ಪ, ಪೈಲಟ್ ಗೂಡು ಅಗಲ, ಎರಡು ಆಸನ ಪಕ್ಕಪಕ್ಕ. ಇದು ಕಿರಣ್ ತರಬೇತಿ ಜೆಟ್. ಸೂರ್ಯಕಿರಣ್ ತಂಡ ಆಕಾಶದಲ್ಲಿ ಹೊಗೆ ಬಿಡುತ್ತ ಕಸರತ್ತು ತೋರಿಸಿ ಪ್ರಸಿದ್ಧವಾದದ್ದು ಇದೇ ವಿಮಾನದಲ್ಲಿ. ಕಿರಣ್ ಮೊದಲು ಹಾರಿದ್ದು 1964ರ ಸೆಪ್ಟೆಂಬರ್ 4ರಂದು, ಸುರಂಜನ್ ದಾಸ್ ಅವರ ಕೈಯಲ್ಲಿ. ಬೆಂಗಳೂರಿನ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದೇ. ತಾತ ಕೆಲಸಕ್ಕೆ ಸೇರಿದ ವರ್ಷವೂ ಅದೇ. ವಾಯುಪಡೆಯ ಜೊತೆಗೆ ನೌಕಾಪಡೆಯೂ ಈ ವಿಮಾನ ಬಳಸಿತು. ತಾತ ನೌಕಾಪಡೆಯ ವಿಮಾನಕ್ಕೂ ಕೆಲಸ ಮಾಡಿದ್ದರು ಎಂದು ಮನೆಯಲ್ಲಿ ಉಳಿದಿದ್ದ ಮಾತು ಇಲ್ಲಿಂದ ಬಂದಿರಬಹುದೇನೋ.

ಫೋಟೊದ ಬೆನ್ನ ಮೇಲೆ ಸ್ಟುಡಿಯೋದ ಮೊಹರು. ಕೊಳ್ಳೇಗಾಲ, ಮೈಸೂರು ಜಿಲ್ಲೆ, ಕೆಳಗೆ ಪಿನ್‌ಕೋಡ್. ಈ ಭಾಗದವರಿಗೆ ಅದೊಂದು ಒಳ್ಳೆಯ ಕ್ಯಾಲೆಂಡರು. ಕೊಳ್ಳೇಗಾಲ 1956ರ ನವೆಂಬರ್ ತನಕ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ. 1997ರ ಆಗಸ್ಟ್ 15ರಿಂದ ಚಾಮರಾಜನಗರ ಜಿಲ್ಲೆ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಆದ್ದರಿಂದ ಮೊಹರು 1972 ಮತ್ತು 1997ರ ನಡುವಿನದು. ಮಾಲೀಕರು ಹಳೇ ಮೊಹರನ್ನೇ ಇನ್ನೂ ಕೆಲವು ವರ್ಷ ಒತ್ತಿರಲೂಬಹುದು.

ಹುಡುಗ ಕುಣಿದಾಡಿದ. ನಾವು ಸ್ವಲ್ಪ ತಡೆದೆವು. ಮೊಹರು ಹೇಳುವುದು ಪ್ರಿಂಟಿನ ವಯಸ್ಸನ್ನು, ಫೋಟೊದ ವಯಸ್ಸನ್ನಲ್ಲ. ಬೆಂಗಳೂರಿನ ಕಾರ್ಖಾನೆಯೊಳಗೆ ಕೊಳ್ಳೇಗಾಲದ ಸ್ಟುಡಿಯೋದವರು ಹೋಗಿ ತೆಗೆದಿರಲಾರರು. ಯಾವುದೋ ಸಮಾರಂಭಕ್ಕೆ ತೆಗೆದ ಚಿತ್ರವನ್ನು ತಾತ ಊರಿಗೆ ತಂದು, ಇನ್ನೊಂದು ಪ್ರತಿ ಮಾಡಿಸಿರಬೇಕು. ಮೂಲ ಅದಕ್ಕಿಂತ ಹಳೆಯದಿರಬಹುದು. ಕಿರಣ್ ಹಾರಿದ 1964ಕ್ಕಿಂತ ಮಾತ್ರ ಹಳೆಯದಲ್ಲ.

ಎಡದಿಂದ ಎರಡನೆಯವರ ಬಲಗೈಯಲ್ಲಿ ವಾಚಿತ್ತು. ಜೇಬುಗಳೆಲ್ಲ ಎಡಕ್ಕೇ ಇದ್ದವು. ಅಜ್ಜಿಗೆ ತೋರಿಸುವ ಮೊದಲು ನಾವು ಹುಡುಗನಿಗೆ ಒಂದು ಮಾತು ಹೇಳಿದ್ದೆವು, ತಾತ ಯಾರು ಎಂದು ಬೆರಳಿಡಬೇಡ, ಯಾರು ಯಾರು ಗೊತ್ತು ಎಂದಷ್ಟೇ ಕೇಳು. ಬೆರಳಿಟ್ಟು ಕೇಳಿದರೆ ಉತ್ತರ ನಾವೇ ಕೊಟ್ಟಂತೆ. ಅಜ್ಜಿ ನೇರವಾಗಿ ಎರಡನೆಯವರ ಮೇಲೆ ಕೈಯಿಟ್ಟರು. ಆಮೇಲೆ ಇನ್ನಿಬ್ಬರ ಹೆಸರು ಹೇಳಿದರು, ಒಬ್ಬರು ಇವರ ಮದುವೆಗೆ ಬಂದವರು, ಇನ್ನೊಬ್ಬರು ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವರು. ಹುಡುಗ ಚಿತ್ರದ ಜೆರಾಕ್ಸ್ ತೆಗೆಸಿ, ಪ್ರತಿ ಮುಖಕ್ಕೂ ಸಂಖ್ಯೆ ಹಾಕಿ, ಹೇಳಿದವರು ಯಾರು, ಯಾವ ದಿನ ಎಂಬುದನ್ನೂ ಪಕ್ಕದಲ್ಲಿ ಬರೆದ. ಮೂಲ ಫೋಟೊದ ಮೇಲೆ ಏನನ್ನೂ ಬರೆಯಬೇಡ, ಬೆನ್ನ ಮೇಲೆ ಬರೆಯಲೇಬೇಕೆಂದರೆ ಪೆನ್ಸಿಲ್ಲಿನಲ್ಲಿ ಮೆಲ್ಲಗೆ ಎಂದಿದ್ದೆವು. ಬಾಲ್ ಪೆನ್ನು ಒತ್ತಿದರೆ ಮುಂದಿನ ಮುಖದ ಮೇಲೆ ಗೀರು ಮೂಡುತ್ತದೆ.

ಉಳಿದ ನಾಲ್ವರಲ್ಲಿ ಮೂವರ ಎದುರು ಈಗಲೂ ‘ಗೊತ್ತಿಲ್ಲ’ ಎಂದಿದೆ. ಆರನೆಯವರ ಹೆಸರು ಅಜ್ಜಿಗೆ ನೆನಪಿಗೆ ಬರಲಿಲ್ಲ. ಹಾಸನದ ಕಡೆಯವರು, ದೀಪಾವಳಿಗೆ ಊರಿಗೆ ಹೋಗಿ ಬರುವಾಗ ಒಂದು ಡಬ್ಬಿ ಚಕ್ಕುಲಿ ತಂದುಕೊಡುತ್ತಿದ್ದರು ಎಂದರು. ಹುಡುಗ ಅದನ್ನು ಹಾಗೇ ಬರೆದುಕೊಂಡಿದ್ದಾನೆ. ತಿಥಿಯ ದಿನ ಪೂಜೆಗೆ ಇಟ್ಟದ್ದು ಈ ಫೋಟೊವನ್ನು.